ಅವ್ವನ ಮಾತು ಹೊತ್ತವಳು

ನಮ್ಮವ್ವ ನಮ್ಮ ದೊಡ್ಡಪ್ಪನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿ ಅಲ್ಲ, ಅದು ಪದ್ಧತಿ. ಗಂಡನ ಅಣ್ಣ ಅಂದರೆ ಮಾವನ ಸಮ. ಅವರ ಎದುರಿಗೆ ತಮ್ಮನ ಹೆಂಡತಿ ಮುಖ ಎತ್ತಿ ನಿಲ್ಲಬಾರದು, ನೇರವಾಗಿ ಮಾತಾಡುವುದಂತೂ ಕೂಡದು. ಆದರೆ ಒಂದೇ ಸೂರಿನ ಕೆಳಗೆ ಇರುವವರು ಮಾತಿಲ್ಲದೆ ಸಂಸಾರ ಮಾಡೋದು ಹೇಗೆ? ಉಪ್ಪು ಮುಗಿದರೆ ಹೇಳಬೇಕು, ಹಸು ಮೇವು ಬಿಟ್ಟರೆ ಹೇಳಬೇಕು, ತೋಟಕ್ಕೆ ಬುತ್ತಿ ಎಷ್ಟು ಜನಕ್ಕೆ ಕಟ್ಟಬೇಕು ಅಂತ ಕೇಳಬೇಕು. ಅದಕ್ಕೇ ನಡುವೆ ಒಂದು ಮಗು ಬೇಕು. ನನಗೆ ಮಾತು ಬರುವ ಮುಂಚೆ ಅವ್ವ ಕಂಬಕ್ಕೆ ಹೇಳುತ್ತಿದ್ದಳಂತೆ, ಬೆಕ್ಕಿಗೆ ಹೇಳುತ್ತಿದ್ದಳಂತೆ. ಬೆಕ್ಕೇ, ಉಪ್ಪು ಮುಗಿದೈತೆ ಅಂದರೆ ಜಗಲಿ ಮೇಲೆ ಕೂತ ದೊಡ್ಡಪ್ಪ ಸಂಜೆ ಉಪ್ಪು ತರುತ್ತಿದ್ದರಂತೆ. ನನಗೆ ನಾಲಿಗೆ ಹೊರಳಿದ ಮೇಲೆ ಬೆಕ್ಕಿಗೂ ಕಂಬಕ್ಕೂ ಬಿಡುವಾಯಿತು.

ದಂಡಿನಶಿವರದ ಹತ್ತಿರದ ಹಳ್ಳಿ ನಮ್ಮದು. ಮುಂದೆ ಜಗಲಿ, ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಹಿಂಬಾಗಿಲು ತೆರೆದರೆ ಕೊಟ್ಟಿಗೆ, ಕೊಟ್ಟಿಗೆಯಾಚೆ ತೆಂಗಿನ ತೋಟ. ನಡುಮನೆಯ ತಲೆ ಮೇಲೆ ಅಟ್ಟ, ಅಟ್ಟದ ತುಂಬಾ ಕಾಯಿ. ಕೆಡವಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷವೊಪ್ಪತ್ತು ಮುಟ್ಟದೆ ಬಿಟ್ಟರೆ ಒಳಗಿನ ನೀರು ತಾನೇ ಇಂಗಿ ಕೊಬ್ಬರಿಯಾಗುತ್ತದೆ. ಆ ಕಾಯಿಗಳ ಕೆಳಗೇ ನಾವು ಉಂಡೆವು, ಮಲಗಿದೆವು, ಜ್ವರ ಬಂದಾಗ ನರಳಿದೆವು. ಅವ್ವನ ಜಾಗ ಅಡುಗೆಮನೆಯ ಬಾಗಿಲ ಮರೆ, ದೊಡ್ಡಪ್ಪನ ಜಾಗ ಜಗಲಿ, ನನ್ನದು ನಡುಮನೆಯ ಹೊಸ್ತಿಲು. ಅವ್ವ ಹೇಳಿದ್ದು ದೊಡ್ಡಪ್ಪನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ದೊಡ್ಡಪ್ಪ ಹೇಳಿದ್ದು ಅವ್ವನಿಗೂ ಕೇಳಿಸುತ್ತಿತ್ತು. ಆದರೂ ಇಬ್ಬರೂ ಸುಮ್ಮನೆ ಕಾಯುತ್ತಿದ್ದರು. ನಾನು ನನ್ನ ಬಾಯಿಂದ ಹೇಳುವವರೆಗೆ ಆ ಮಾತು ಆಡಿದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ಕೆಲಸದಲ್ಲಿ ನಾನು ಬಹಳ ಬೇಗ ಪಳಗಿದೆ. ರಾಗಿ ಬೀಸಿಸಬೇಕು, ಹಿಟ್ಟಿಲ್ಲ ಅಂತ ಹೇಳು ಅನ್ನುತ್ತಿದ್ದಳು ಅವ್ವ. ನಾನು ಹೊಸ್ತಿಲ ಮೇಲೆ ಕಾಲಿನ ಹೆಬ್ಬೆರಳು ಒತ್ತುತ್ತಾ, ದೊಡ್ಡಪ್ಪಾ, ಹಿಟ್ಟು ಖಾಲಿಯಾಗುತ್ತಾ ಬಂತಂತೆ, ನಿಮಗೆ ಬಿಡುವಾದಾಗ, ಅನ್ನುತ್ತಿದ್ದೆ. ದೊಡ್ಡಪ್ಪ, ಈಗೆಲ್ಲಿ ಆಗುತ್ತೆ, ಬೇರೆ ಕೆಲಸ ಇಲ್ವಾ ಅಂದರೆ, ನಾನು ಅವ್ವನ ಕಡೆ ತಿರುಗಿ, ನಾಳೆ ನೋಡೋಣ ಅಂದ್ರು ಅನ್ನುತ್ತಿದ್ದೆ. ಯಾರೂ ಕಲಿಸಿದ್ದಲ್ಲ. ಗಟ್ಟಿ ಮಾತು ಹೊತ್ತುಕೊಂಡು ಹೋದರೆ ಹೋದ ಕಡೆಯೆಲ್ಲ ಏಟು ಮೊದಲು ಬೀಳೋದು ಹೊತ್ತವಳಿಗೇ, ಅದು ಗೊತ್ತಾಯಿತು ಅಷ್ಟೆ. ಮನೆಗೆ ಬಂದ ನೆಂಟರು ನನ್ನ ಗಲ್ಲ ಹಿಡಿದು, ಎಷ್ಟು ಮೆತ್ತಗಿನ ಹುಡುಗಿ, ಹೆಣ್ಣು ಅಂದ್ರೆ ಹಿಂಗಿರಬೇಕು ಅನ್ನುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಅಜ್ಜಿ, ಅಂದರೆ ಅಪ್ಪನ ಅವ್ವ, ಸೇರಿಸುತ್ತಿದ್ದಳು. ಈಗಲೂ ಮದುವೆಮನೆಗಳಲ್ಲಿ ಯಾರಾದರೂ ಹೆಣ್ಣುಮಕ್ಕಳ ಸ್ವಭಾವವೇ ಮೃದು ಅಂತ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನದು ಸ್ವಭಾವವಲ್ಲ ಮಹರಾಯರೇ, ಅದು ನನ್ನ ಉದ್ಯೋಗ.

ದೊಡ್ಡಪ್ಪನನ್ನು ಕಂಡರೆ ಊರಿಗೇ ಹೆದರಿಕೆ. ತಾತ ತೀರಿಕೊಂಡಾಗ ಅವರಿಗಿನ್ನೂ ಮೀಸೆ ಬಲಿತಿರಲಿಲ್ಲವಂತೆ, ಆ ವಯಸ್ಸಿಗೇ ಮನೆಯ ಯಜಮಾನಿಕೆ ಹೆಗಲಿಗೆ ಬಿತ್ತು. ಕಟ್ಟಿಕೊಂಡ ಹೆಂಡತಿ ಬೇಗ ಹೋದಳು, ಮಕ್ಕಳಿಲ್ಲ, ಇನ್ನೊಂದು ಮದುವೆಗೆ ಒಪ್ಪಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬಾ ವಿಭೂತಿ ಧರಿಸಿ ಜಗಲಿಗೆ ಬಂದು ಕೂತರೆ ನಕ್ಕಿದ್ದನ್ನು ನಾನು ನೋಡಿದವಳಲ್ಲ. ಒಳಗೆ ಬರುವ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು, ಅವ್ವ ಮರೆಗೆ ಸರಿಯಲಿ ಅಂತ. ಹಾಗೆ ತನ್ನ ಮನೆಗೇ ತಾನು ಕೆಮ್ಮಿ ಬರಬೇಕಾದ ಮನುಷ್ಯ ಅವರು. ಆದರೆ ಕೊಟ್ಟಿಗೆಯಲ್ಲಿ ಯಾರೂ ಇಲ್ಲ ಅಂದುಕೊಂಡಾಗ ಹಸುವಿನ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತಾ ಏನವ್ವ, ಹೊಟ್ಟೆ ನೋವೇನವ್ವ ಅಂತ ಮಾತಾಡಿಸುವುದನ್ನು ನಾನು ಹುಲ್ಲಿನ ಮರೆಯಿಂದ ಕೇಳಿದ್ದೇನೆ. ಆ ದನಿ ಕೊಟ್ಟಿಗೆ ದಾಟಿ ಮನೆಯೊಳಗೆ ಯಾವತ್ತೂ ಬರಲಿಲ್ಲ. ಅಪ್ಪನೋ, ಅಣ್ಣನ ನೆರಳಲ್ಲಿ ಬೆಳೆದವನು. ಅಣ್ಣ ಹೇಳಿದ ಮೇಲೆ ಮುಗೀತು ಬುಡು ಅನ್ನುವುದೇ ಅವನ ಅಭಿಪ್ರಾಯ. ಅವನಿಗೆ ಕಣ್ಣೀರು ಬೇಗ ಬರುತ್ತಿತ್ತು, ಅದನ್ನು ಮುಚ್ಚಿಡಲು ಹೆಗಲ ಟವೆಲಿನಿಂದ ಆಗಾಗ ಬೆವರು ಒರೆಸಿಕೊಳ್ಳುತ್ತಿದ್ದ, ಚಳಿಗಾಲದಲ್ಲೂ.

ಅವ್ವನ ತೌರು ಕಂದಿಕೆರೆ ಕಡೆ. ಬೇಸಿಗೆ ರಜೆಗೆ ಅವ್ವ ನನ್ನನ್ನು ಕರೆದುಕೊಂಡು ಹೊರಟರೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದು ಚಿಕ್ಕನಾಯಕನಹಳ್ಳಿ ಬಸ್ಸಿಗೆ ಕಾಯಬೇಕು. ಅವ್ವ ಬದಲಾಗುತ್ತಿದ್ದದ್ದು ಆ ಕ್ರಾಸಿನಲ್ಲೇ. ತಲೆ ಮೇಲಿನ ಸೆರಗು ಸೊಂಟಕ್ಕೆ ಬರುತ್ತಿತ್ತು. ಕಡಲೆಕಾಯಿ ಮಾರುವವನ ಜೊತೆ ಚೌಕಾಸಿ ಶುರುವಾಗುತ್ತಿತ್ತು. ದನಿ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿದ ಹಾಗೆ ಏರುತ್ತಿತ್ತು. ತೌರಿನಲ್ಲಿ ತೆಂಗಿರಲಿಲ್ಲ, ಮಳೆ ನಂಬಿದ ಹೊಲ, ರಾಗಿ, ಹುರುಳಿ. ಹೊಲಗಳು ದೂರ ದೂರ, ಈ ತೆವರಿನಿಂದ ಕೂಗಿದರೆ ಆ ದಿಣ್ಣೆಯಲ್ಲಿ ಇರುವವರಿಗೆ ಕೇಳಬೇಕು, ಅದಕ್ಕೆ ಗಂಡಸು ಹೆಂಗಸು ಅನ್ನದೆ ಎಲ್ಲರಿಗೂ ಒಂದೇ ಗಂಟಲು. ಅಲ್ಲಿ ನನ್ನವ್ವ ಎತ್ತು ಹೊಡೆಯುತ್ತಿದ್ದಳು, ಎತ್ತು ಸಾಲು ತಪ್ಪಿದರೆ ಬಾಯಿಗೆ ಬಂದದ್ದು ಬೈಯುತ್ತಿದ್ದಳು, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ನಾನು ದೂರ ನಿಂತು ನೋಡುತ್ತಿದ್ದೆ, ಸ್ವಲ್ಪ ಭಯ, ಇವಳು ಯಾರೋ ಬೇರೆಯವಳು ಅಂತ.

ಅಲ್ಲಿನ ಗಂಡಸರೂ ಬೇರೆ ಥರ. ಸೋದರಮಾವ ಹಿಟ್ಟಿನ ಮುದ್ದೆ ಕಟ್ಟುತ್ತಿದ್ದ, ನನಗೆ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದ. ಅವನ ಒಂದು ಎತ್ತು ಸತ್ತಾಗ ಅಂಗಳದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಗದರಲಿಲ್ಲ. ಕಂದಿಕೆರೆ ಅಜ್ಜಿ ಅವನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಅಳು ಮಗಾ, ಒಳ್ಳೇ ಎತ್ತು ಅಂದಳು ಅಷ್ಟೆ. ಅವಳ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಗಂಡಸಿನ ಸಿಟ್ಟು ಬೇರೆ, ಹೆಂಗಸಿನ ಸಿಟ್ಟು ಬೇರೆ ಅನ್ನುವುದು ಆ ಮನೆಯಲ್ಲಿ ಇರಲಿಲ್ಲ. ಅಲ್ಲಿ ಹೆಂಗಸರು ಸುಖವಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಬೆನ್ನು ಮುರಿಯುವ ಕೆಲಸ, ಹೊಟ್ಟೆ ತುಂಬಾ ಊಟ ಇದ್ದದ್ದು ಸುಗ್ಗಿಯಲ್ಲಿ ಮಾತ್ರ. ಗಂಡು ಹೆಣ್ಣು ಇಬ್ಬರೂ ಸಮನಾಗಿ ದಣಿಯುತ್ತಿದ್ದರು, ದಣಿದವರಿಗೆ ನಾಜೂಕು ಎಲ್ಲಿಂದ ಬರಬೇಕು.

ಹೋದ ವರ್ಷ ಆ ಮನೆಗೆ ಹೋಗಿದ್ದೆ. ಬೋರ್‌ವೆಲ್ ನೀರು ಬಂದು, ರಾಗಿ ಹೊಲವೆಲ್ಲ ತೆಂಗಿನ ತೋಟವಾಗಿ, ಮನೆಗೆ ತಾರಸಿ ಬಂದು ಬಹಳ ಕಾಲವಾಯಿತು. ಸೋದರಮಾವನ ಸೊಸೆ ಕಾಫಿ ತಂದು ಕೊಟ್ಟು ಬಾಗಿಲ ಹತ್ತಿರ ನಿಂತಳು. ನಾನು ಏನೋ ಕೇಳಿದರೆ ಅವಳ ಉತ್ತರ ನನಗೆ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಸಣ್ಣ ದನಿ. ಅಂಗಳದಲ್ಲಿ ಮೊಮ್ಮಗು ಬಿದ್ದು ಮಂಡಿ ತರಚಿಕೊಂಡು ಅತ್ತರೆ ಸೋದರಮಾವನ ಮಗ, ಗಂಡುಮಗ ಅಳ್ತಾನೇನ್ಲಾ ಅಂತ ಗದರಿಸಿದ. ಎತ್ತಿಗಾಗಿ ಅತ್ತವನ ಮಗ! ನಾನು ಕಾಫಿ ಲೋಟ ಕೆಳಗಿಟ್ಟೆ. ಕಾಸು ಬಂದು ಓದು ಬಂದರೆ ಗಂಡು ಹೆಣ್ಣು ಒಂದೇ ಥರ ಆಗುತ್ತಾರೆ ಅಂತ ನಾನು ಮೇಷ್ಟ್ರ ಕೆಲಸ ಮಾಡಿದಷ್ಟು ಕಾಲವೂ ಮಕ್ಕಳಿಗೆ ಹೇಳಿದವಳು. ಕಣ್ಣಾರೆ ಕಂಡದ್ದು ತಿರುಗುಮುರುಗು. ಉಣ್ಣೋದಕ್ಕೆ ಇದ್ದವರಿಗೆ ಬೇರೆ ಬೇರೆಯಾಗಿರಲು ಪುರಸೊತ್ತು ಸಿಗುತ್ತದೋ ಏನೋ. ಹಾಗಂತ ಅದನ್ನೂ ಗಂಟು ಹಾಕಿ ಹೇಳಲಾರೆ. ನಮ್ಮ ಸ್ಕೂಲಿನಲ್ಲಿ ಕರಾವಳಿ ಕಡೆಯ ಟೀಚರ್ ಒಬ್ಬರಿದ್ದರು, ಅವರ ಮನೆತನದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತಂತೆ, ಅವರಜ್ಜಿ ಬಂದರೆ ಗಂಡಸರು ಎದ್ದು ನಿಲ್ಲುತ್ತಿದ್ದರಂತೆ. ಹಾಗಾದರೆ ನಿಮ್ಮ ಕಡೆ ಹೆಂಗಸರೇ ಗಟ್ಟಿ ಅನ್ನಿ ಅಂದೆ. ಅವರು ನಕ್ಕು, ಅದು ಯಾವ ಅಜ್ಜಿ ಅನ್ನೋದರ ಮೇಲೆ ಹೋಗುತ್ತೆ ಅಂದರು.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ನಮ್ಮೂರಲ್ಲಿ ಸ್ಕೂಲು ಅಲ್ಲಿಗೆ ಮುಗಿಯುತ್ತಿತ್ತು, ಮುಂದೆ ಓದಬೇಕಾದರೆ ದಿನಾ ಬಸ್ಸಲ್ಲಿ ತುರುವೇಕೆರೆಗೆ ಹೋಗಬೇಕು. ಸೇರಿಸೋದಾದ್ರೆ ಈ ವಾರದಲ್ಲೇ ಸೇರಿಸಿ ಅಂತ ನಮ್ಮ ಮೇಷ್ಟ್ರು ಅಪ್ಪನಿಗೆ ಹೇಳಿ ಕಳಿಸಿದ್ದರು. ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಅಣ್ಣನ್ನ ಕೇಳಬೇಕು ಅಂದ. ಕೇಳಲಿಲ್ಲ. ಮಾರನೇ ದಿನವೂ ಕೇಳಲಿಲ್ಲ, ಅದರ ಮಾರನೇ ದಿನವೂ ಕೇಳಲಿಲ್ಲ. ಅವ್ವ ಪಾತ್ರೆ ತೊಳೆಯುವಾಗ ಅವನ ಮುಖ ನೋಡುತ್ತಿದ್ದಳು, ಅವನು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ನನಗೆ ಓದಬೇಕು ಅಂತ ಎಷ್ಟು ಆಸೆ ಇತ್ತು ಅಂದರೆ, ರಾತ್ರಿ ಹೊದ್ದುಕೊಂಡ ಮೇಲೆ ಏಳನೇ ಕ್ಲಾಸಿನ ಪಾಠಗಳನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ. ಆದರೆ ನನಗೆ ಬೇಕು ಅಂತ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೇರೆಯವರ ಮಾತು ಹೊರುವವಳಿಗೆ ತನ್ನದೊಂದು ಮಾತನ್ನು ಎಲ್ಲಿ ನಿಂತು ಹೇಳಬೇಕು ಅನ್ನುವುದೇ ಗೊತ್ತಿರಲಿಲ್ಲ.

ಆ ದಿನ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಉಂಡೆ ಬಿಟ್ಟುಕೊಂಡು ಗಟಗಟ ಅಂದರೆ ಇಳಿಸೋದು, ಇನ್ನೂ ನೀರಾಡಿದರೆ ಅಲ್ಲೇ ಬಿಡೋದು. ದೊಡ್ಡಪ್ಪ ಅಟ್ಟದ ಮೇಲೆ ಕೂತು ಅಲ್ಲಾಡಿಸುತ್ತಿದ್ದರು. ನಾನು ಏಣಿಯ ನಡುವೆ ನಿಂತು ಕಾಯಿ ತುಂಬಿದ ಬಿದಿರ ಕುಕ್ಕೆ ಇಸಿದುಕೊಂಡು ಕೆಳಗೆ ಕೊಡುತ್ತಿದ್ದೆ. ಆಳು ಸಾಲದೆ ಇದ್ದುದರಿಂದ ಅವ್ವನೂ ನಡುಮನೆಗೆ ಬಂದು ಕುಕ್ಕೆ ಹಿಡಿಯುತ್ತಿದ್ದಳು. ನಡುವೆ ಅಟ್ಟದ ಹಲಗೆ ಮರೆ ಇದೆಯಲ್ಲ, ಪದ್ಧತಿಗೆ ಅಷ್ಟು ಸಾಕು. ಅಪ್ಪ ಕಾಯಿಗಳನ್ನು ಅಂಗಳಕ್ಕೆ ಹೊತ್ತು ಹಾಕುತ್ತಿದ್ದ. ಅಂಗಳದಲ್ಲಿ ಸುಲಿಯುವವರು ಊರಿನ ಗಂಡಸರು ಹೆಂಗಸರು ಸೇರಿ ಕೂತಿದ್ದರು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಕಣ್ಣಿಗೆ ಆ ವರ್ಷ ಪೊರೆ ಬಂದಿತ್ತು, ಒಲೆಯ ಬೆಂಕಿ ಒಂದು ಬಿಟ್ಟು ಇನ್ನೇನೂ ಕಾಣಿಸುತ್ತಿರಲಿಲ್ಲ.

ಅವ್ವ ನನ್ನ ಕೈಗೆ ಖಾಲಿ ಕುಕ್ಕೆ ಕೊಡುತ್ತಾ, ನನ್ನ ಮುಖ ನೋಡದೆ ಹೇಳಿದಳು.

"ನಿಮ್ಮ ದೊಡ್ಡಪ್ಪನ್ನ ಕೇಳು. ನಾಳೆ ಹುಡುಗೀನ ತುರುವೇಕೆರೆ ಸ್ಕೂಲಿಗೆ ಸೇರಿಸೋಕೆ ಕರ್ಕೊಂಡು ಹೋಗ್ತಾರಾ ಅಂತ."

ಹುಡುಗೀನ ಅಂದಳು, ನಾನು ಯಾರೋ ಬೇರೆಯವರ ಮಗಳು ಅನ್ನುವ ಹಾಗೆ. ನಾನು ಮೇಲಕ್ಕೆ ತಿರುಗಿದೆ. ದೊಡ್ಡಪ್ಪಾ, ಅವ್ವ ಕೇಳ್ತೈತೆ, ನಿಮಗೆ ಅನುಕೂಲ ಆದ್ರೆ, ಅಂತ ನನ್ನ ಎಂದಿನ ರಾಗದಲ್ಲೇ ಶುರು ಮಾಡಿ ಹೇಗೋ ಮುಗಿಸಿದೆ. ಮೇಲೆ ಕಾಯಿ ಅಲ್ಲಾಡುವ ಸದ್ದು ನಿಲ್ಲಲಿಲ್ಲ. ಒಂದು ಗಟಗಟ ಅಂತು, ಕುಕ್ಕೆಗೆ ಬಿತ್ತು. ಇನ್ನೊಂದು ನೀರಾಡಿತು, ಪಕ್ಕಕ್ಕೆ ಹೋಯಿತು. ಆಮೇಲೆ ದೊಡ್ಡಪ್ಪ ಹೇಳಿದರು.

"ನಿಮ್ಮವ್ವಂಗೆ ಹೇಳು. ಅಜ್ಜಿಗೆ ಕಣ್ಣು ಕಾಣಲ್ಲ, ಮನೇಲಿ ಇನ್ನೊಂದು ಹೆಣ್ಣಿನ ಕೈ ಬೇಕು. ಹುಡುಗಿ ಓದಿದ್ದು ಸಾಕು, ಮನೇಲಿರಲಿ ಅಂತ."

ಅವ್ವನಿಗೆ ಕೇಳಿಸಿತ್ತು. ಅಜ್ಜಿಗೆ ಕೇಳಿಸಿತ್ತು. ಬಾಗಿಲಲ್ಲಿ ಕಾಯಿಯ ಮೂಟೆ ಎತ್ತುತ್ತಿದ್ದ ಅಪ್ಪನಿಗೂ ಕೇಳಿಸಿತ್ತು. ಆದರೆ ನಾನು ಹೇಳುವವರೆಗೆ ಅದು ಆಡಿದ ಮಾತಲ್ಲ. ನಾನು ಕೆಳಗೆ ತಿರುಗಿದೆ. ಅವ್ವ ಕುಕ್ಕೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹುಡುಗಿ ಓದಿದ್ದು ಸಾಕು. ಆ ಮಾತನ್ನು ಹೇಗೆ ಮೆತ್ತಗೆ ಮಾಡೋದು? ನಾಳೆ ನೋಡೋಣ ಅಂದ್ರು ಅನ್ನಲೇ? ಬಾಯಿ ತೆರೆದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಏಣಿಯ ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹೇಳೇ, ಹೇಳು, ಅಂತ ಅಜ್ಜಿ ಗೋಡೆಯ ಕಡೆಯಿಂದ ಅಂದಳು. ನನ್ನ ಕಣ್ಣಲ್ಲಿ ನೀರು ತುಂಬಿ ಅವ್ವನ ಮುಖ ಕಾಣದಾಯಿತು.

ಆಗ ಅವ್ವ ಕುಕ್ಕೆ ಕೆಳಗಿಟ್ಟಳು. ತಲೆ ಮೇಲಕ್ಕೆ ಎತ್ತಿದಳು. ದಿಣ್ಣೆಯಿಂದ ದಿಣ್ಣೆಗೆ ಕೂಗುವ ದನಿ ಅದು, ಆ ನಡುಮನೆ ಅಂಥ ದನಿಯನ್ನು ಯಾವತ್ತೂ ಕೇಳಿರಲಿಲ್ಲ.

"ಭಾವ, ಆ ಮಾತನ್ನ ಮಗೀನ ಬಾಯಲ್ಲಿ ಆಡಿಸಬೇಡಿ. ಹೇಳೋದಿದ್ರೆ ನಂಗೇ ಹೇಳಿ."

ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತು. ಅಟ್ಟದಲ್ಲೂ ನಿಂತಿತು. ಅಜ್ಜಿ ಹಣೆ ಹಣೆ ಚಚ್ಚಿಕೊಂಡು, ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು, ಈ ಮನೆ ಮಾನ ಇವತ್ತಿಗೆ ಹೋಯ್ತು ಅಂತ ಶುರು ಮಾಡಿದಳು. ಅವ್ವ ಅತ್ತ ತಿರುಗಲಿಲ್ಲ. ಮನೆಗೆ ಕೈ ಬೇಕು ಅಂದರೆ ತನ್ನ ಎರಡು ಕೈ ಇದಾವೆ, ಅತ್ತೆಯ ಕಣ್ಣಾಗಿ ತಾನಿರುತ್ತೇನೆ, ಹುಡುಗಿ ಓದಲಿ ಅಂತ ಅದೇ ದನಿಯಲ್ಲಿ ಹೇಳಿ ನಿಂತಳು.   ಅಪ್ಪ ಮೂಟೆ ಹೆಗಲ ಮೇಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮೂಟೆಗೆ ಕೈ ಕೊಟ್ಟಿದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ದೊಡ್ಡಪ್ಪ ಈಗ ಇಳಿದು ಬಂದು ಏನು ಮಾಡುತ್ತಾರೋ ಅಂತ ನನ್ನ ಜೀವ ಹಿಡಿಯಷ್ಟಾಗಿತ್ತು. ನಾನು ಅಟ್ಟದ ಅಂಚಿನ ಹತ್ತಿರವೇ ಇದ್ದೆ, ಅವರ ಮುಖ ನನಗೊಬ್ಬಳಿಗೇ ಕಾಣುತ್ತಿದ್ದದ್ದು. ಕೈಯಲ್ಲಿ ಒಂದು ಕಾಯಿ ಹಿಡಿದು ಹಾಗೇ ಕೂತಿದ್ದರು. ಸಿಟ್ಟು ಹುಡುಕಿದೆ, ಕಾಣಲಿಲ್ಲ. ಯಾರೋ ಗೊತ್ತಿಲ್ಲದವರು ಬಾಗಿಲು ತಟ್ಟಿದಾಗ ಒಬ್ಬಂಟಿ ಮನುಷ್ಯ ಗಾಬರಿಯಾಗುತ್ತಾನಲ್ಲ, ಹಾಗಿದ್ದರು.  ಬಾಯಿ ತೆರೆದಾಗ ಬಂದದ್ದು ಕೊಟ್ಟಿಗೆಯಲ್ಲಿ ಮಾತ್ರ ಕೇಳಿದ್ದ ದನಿ.

"ಅದನ್ನ ನಿಂಗೆ ಎದುರಿಗೆ ಹೇಳೋಕೆ ನನ್ ಕೈಲಾಗಲ್ಲ ಕಣವ್ವ. ಹೋಗ್ಲಿ ಬುಡು. ಓದ್ಲಿ."

ಇಷ್ಟೇ. ಆಮೇಲೆ ಕಾಯಿ ಅಲ್ಲಾಡುವ ಸದ್ದು ಮತ್ತೆ ಶುರುವಾಯಿತು. ಈ ವಯಸ್ಸಿನಲ್ಲಿ ಕೂತು ಯೋಚಿಸಿದರೆ ನನಗೆ ಅನ್ನಿಸುವುದು ಇದು: ಅವರ ಗಡಸುತನ ಅವರದಾಗಿರಲಿಲ್ಲ, ನನ್ನ ಮೆತ್ತಗಿನ ಸ್ವಭಾವವೂ ನನ್ನದಾಗಿರಲಿಲ್ಲ. ನಡುವೆ ಒಂದು ಮಗು ನಿಂತರೆ ಎಂಥ ಗಟ್ಟಿ ಮಾತನ್ನಾದರೂ ಆಡಬಹುದು, ಯಾಕೆಂದರೆ ಅದು ಹೋಗಿ ಬೀಳುವ ಮುಖ ಆಡಿದವನಿಗೆ ಕಾಣುವುದಿಲ್ಲ. ಅಷ್ಟು ವರ್ಷ ಗಂಡಸು ಅಂತ ಅವರನ್ನು ಕಂಡು ನಾವು ಹೆದರಿದ್ದು, ಅರ್ಧಕ್ಕರ್ಧ, ಆ ಹೊಸ್ತಿಲಿಗೆ. ಅವತ್ತಿನಿಂದ ಅವ್ವ, ದೊಡ್ಡಪ್ಪ ನೇರವಾಗಿಯೇ ಮಾತಾಡಿದರು, ಇಬ್ಬರೂ ನೆಲ ನೋಡುತ್ತಾ, ಬೇಕಾದಷ್ಟೇ. ಅಜ್ಜಿ ಬಹಳ ಕಾಲ ಅವ್ವನ ಕೈಯ ನೀರು ಮುಟ್ಟಲಿಲ್ಲ. ಕೊಟ್ಟ ಮಾತಿನಂತೆ ಅವ್ವ ಅಜ್ಜಿಯ ಕಣ್ಣಾಗಿ ಇದ್ದಳು, ತೌರಿಗೆ ಹೋಗುವುದು ಬಿಟ್ಟಳು. ನಾನು ಓದಿದ್ದಕ್ಕೆ ಅವಳು ತೆತ್ತದ್ದು ಅದು. 

ಆ ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಅವ್ವ ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು. ಅವಳ ದನಿ ಮತ್ತೆ ಈ ಮನೆಯ ಸಣ್ಣ ದನಿಯಾಗಿತ್ತು. ನನ್ನ ಕಡೆ ತಿರುಗದೆಯೇ ಹೇಳಿದಳು.

"ಇನ್ಮೇಲೆ ನನ್ನ ಮಾತು ನೀನು ಹೊರಬೇಡ ಕಣೇ. ನಿನ್ನ ಮಾತು ನೀನಾಡು."

ನನಗೆ ಖುಷಿಯಾಗಲಿಲ್ಲ, ದಿಕ್ಕು ತಪ್ಪಿದ ಹಾಗಾಯಿತು. ನನ್ನ ಮಾತು ಅಂದರೆ ಯಾವುದು? ಅವಳ ಪಕ್ಕ ಕೂತು ಹುಡುಕಿದೆ. ಅವ್ವ ಹೇಳಿದ್ದು, ದೊಡ್ಡಪ್ಪ ಹೇಳಿದ್ದು, ಅಜ್ಜಿ ಹೇಳಿದ್ದು, ಎಲ್ಲ ಬಂತು, ನನ್ನದು ಬರಲಿಲ್ಲ. ಅವ್ವ ಮುದ್ದೆ ಕಟ್ಟಿ ಕಟ್ಟಿ ಸಾಲಾಗಿ ಇಟ್ಟಳು. ಅವಳೂ ಅವಸರ ಮಾಡಲಿಲ್ಲ. ಹೊರಗೆ ಗಂಡಸರು ಇನ್ನೂ ಕೈಕಾಲು ತೊಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಊಟ ಮುಗಿದ ಮೇಲೆ ಹೆಂಗಸರದು, ಅದಕ್ಕೆ ಮುಂಚೆ ಊಟದ ಮಾತೆತ್ತಿದ ಹೆಣ್ಣನ್ನು ನಾನು ಕಂಡಿರಲಿಲ್ಲ.

"ಅವ್ವಾ, ನಂಗೆ ಹೊಟ್ಟೆ ಹಸೀತೈತೆ," ಅಂದೆ.

 ಅವ್ವ ಮೊದಲನೇ ಮುದ್ದೆ ಎತ್ತಿ ನನ್ನ ತಟ್ಟೆಗೆ ಇಟ್ಟು, ಸಾರು ಬಿಟ್ಟು, ಗಂಡಸರು ಕಂಡರೆ ಕಾಣಲಿ ಅಂತ ಬಾಗಿಲನ್ನು ಮುಚ್ಚದೆ ಹಾಗೇ ತೆರೆದಿಟ್ಟಳು.